ಒಂಬತ್ತು ಬಗೆ

ಈದಾ ಊರಿನಲ್ಲಿ ಜನವರಿ. ಕಾಗದ ಹೊಸೆದು ಗಂಜಿ ಸವರಿದ
ಮಿಜುಹಿಕಿ ದಾರಗಳು ಗಳುವಿನ ಮೇಲೆ ಒಣಗುತ್ತಿವೆ.
ಕಿನುಯೊ ದೊಡ್ಡಮ್ಮ ಕನ್ನಡಕ ಹಣೆಗೇರಿಸಿ
ಮದುವೆಯ ಲಕೋಟೆಗೆ ಗಂಟು ಹಾಕುತ್ತಾಳೆ: ಎಳೆದಷ್ಟೂ ಬಿಗಿ.
ಮಗು ಹುಟ್ಟಿದ ಮನೆಗಾದರೆ ಬೇರೆ,
ತುದಿ ಜಗ್ಗಿದರೆ ಬಿಚ್ಚಬೇಕು,
ಆ ಸಂತೋಷ ಮತ್ತೆ ಮತ್ತೆ ಬರಲೆಂದು.
ಮದುವೆ ಮತ್ತೆ ಬರಬಾರದು.

"ನಿನ್ನ ಕೆಲಸವೂ ಗಂಟಿನದೇ ಅಂತೆ."
"ಕಟ್ಟುವುದಿಲ್ಲ ದೊಡ್ಡಮ್ಮ, ಬಿಚ್ಚುವುದೂ ಇಲ್ಲ.
ಎರಡು ಗಂಟು ಒಂದೇನಾ, ಬೇರೆಯಾ, ಅಷ್ಟೇ ನೋಡುವುದು."
"ಅದಕ್ಕೆ ಸಂಬಳ ಕೊಡುತ್ತಾರಾ?"

ಕೊಡುತ್ತಾರೆ. ಸ್ವಲ್ಪ.

ಉಳಿದ ತುಂಡೊಂದಕ್ಕೆ ಮೂರೆಲೆಯ ಗಂಟು ಹಾಕಿ
ತುದಿಗೆ ತುದಿ ಅಂಟಿಸಿದೆ. ಇನ್ನು ಅದಕ್ಕೆ ತಲೆಯಿಲ್ಲ, ಬಾಲವಿಲ್ಲ.
ಲಕೋಟೆಯ ಬೆನ್ನಿಗೆ ಅದರ ನೆರಳು ಬರೆದೆ.
ದಾರ ಮತ್ತೊಂದರ ಅಡಿ ನುಸುಳಿ ಈಚೆ ಬಂದರೆ
ಯಾವ ಬಣ್ಣ ಉಡಬೇಕೆಂದು ಮೇಲೆ ಮಲಗಿದ ಎಳೆ ಹೇಳುತ್ತದೆ.
ಕೆಂಪಿನಡಿ ನುಸುಳಿದ ಕೆಂಪು ಕೆಂಪೇ.
ಬಿಳಿಯಡಿ ನುಸುಳಿದ ಕೆಂಪು ಚಿನ್ನ,
ಆ ಚಿನ್ನ ಮತ್ತೆ ಬಿಳಿಯಡಿ ಹೊಕ್ಕರೆ ಕೆಂಪು:
ಹೋದವರು ಮರಳಬಹುದು.
ಮೂರನೆಯ ನಿಯಮ:
ಮೊದಲು ಇವನಡಿ, ಆಮೇಲೆ ಅವನಡಿ ಹೋದರೂ
ಮೊದಲು ಅವನಡಿ, ಆಮೇಲೆ ಅವನಡಿ ಹಾದು ಬದಲಾದ ಇವನಡಿ ಹೋದರೂ
ತಲುಪುವ ಬಣ್ಣ ಒಂದೇ...
ದೊಡ್ಡಮ್ಮ ಚಹಾ ಕಾಸಲು ಎದ್ದಳು.

ಇದೇ ನನ್ನ ಬೀಜಗಣಿತ. ಕೂಡುವುದಿಲ್ಲ, ಕಳೆಯುವುದಿಲ್ಲ.
ನುಸುಳುತ್ತದೆ.

ಬಣ್ಣ ಹಚ್ಚುವ ಬಗೆಗಳನ್ನು ಎಣಿಸಿದೆವು.
ಗಂಟಿಲ್ಲದ ಬಳೆಗೆ ಮೂರು. ಮೂರೆಲೆಗೆ ಒಂಬತ್ತು.
ಹಿಂಡು, ತಿರುಚು, ಒಳಗಿನದನ್ನು ಹೊರಗೆಳೆ,
ಕತ್ತರಿ ಮುಟ್ಟದಿದ್ದರೆ ಒಂಬತ್ತು ಒಂಬತ್ತೇ.
ಅದು ಎಂದೂ ಬಳೆಯಾಗದು.
"ಎಂದೂ?"
"ಸಾವಿರ ವರ್ಷ ಕೂತು ಬಿಡಿಸಿದರೂ."
"ಹಾಗಾದರೆ ಮದುವೆಗೆ ಇದನ್ನೇ ಕಟ್ಟಬೇಕಿತ್ತು."

ಎಂಟರ ಆಕಾರದ ಗಂಟು ಕಳ್ಳ. ಮೂರೇ ಎಂದು
ಬಳೆಯ ಹಾಗೆ ನಟಿಸಿತು.
ನೀಲಿ, ಹಸಿರು ತಂದು ಐದು ಬಣ್ಣ ಮಾಡಿ,
ಅದಕ್ಕೆ ತಕ್ಕ ಹೊಸ ಕೋಷ್ಟಕ ಬರೆದು ಕೇಳಿದಾಗ
ಇಪ್ಪತ್ತೈದು ಎಂದು ಬಾಯಿ ಬಿಟ್ಟಿತು; ಬಳೆ ಐದಕ್ಕೇ ನಿಂತಿತು.
ಉತ್ತರ ಬೇರೆಯಾದರೆ ಗಂಟು ಬೇರೆ, ಆಣೆಯಿಟ್ಟು ಹೇಳುತ್ತೇನೆ.
ಉತ್ತರ ಒಂದೇ ಆದರೆ
ನಾನು ಏನೂ ಹೇಳಲಾರೆ.

ಆಗ ಅವಳು ಗೂಡಿನಿಂದ ಮಾಸಿದ ಗಂಟೊಂದನ್ನು ತಂದಿಟ್ಟಳು.
ಅದೂ ಮೂರೆಲೆ. ತುದಿ ಕೂಡಿಸಿ ಎಣಿಸಿದೆ: ಒಂಬತ್ತು.
ಐದು ಬಣ್ಣಕ್ಕೆ ಐದು. ನನ್ನದರದ್ದೇ ಲೆಕ್ಕ.
ದೊಡ್ಡಮ್ಮ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು,
ಎಣಿಸಲಿಲ್ಲ.
"ಇದು ನಾನು ನಿನಗೆ ಕಲಿಸಿದ್ದು.
ಇದು ಮಿಚಿರು ಕಟ್ಟಿದ್ದು. ನಿನ್ನಮ್ಮ ಎಡಚಿ."

ಕನ್ನಡಿಯ ಈಚಿನದು, ಆಚಿನದು.
ನನ್ನ ಕೋಷ್ಟಕ ಎರಡಕ್ಕೂ ಒಂದೇ ಹೆಸರು ಕರೆಯುತ್ತ ನಿಂತಿತ್ತು.

ಚಹಾ ಆರುತ್ತಿತ್ತು. ಲೋಟ ಎತ್ತಿಕೊಂಡೆ.
ಯಾವ ಕೈಯಲ್ಲಿ ಎಂದು
ಅವಳು ನೋಡುತ್ತಿದ್ದಳು.