ನಾನು ಹೂತಿಡದ ಗಂಟು

ಜಿಲೆಟಿನ್ ಕಾಯಿಸುವುದು ನನ್ನ ಕೆಲಸ.
ಸೂರ್ಯಕಾಂತಿ ಎಣ್ಣೆ, ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ, ಚಿಟಿಕೆ ಉಪ್ಪು.
ಗಂಟು ಕಟ್ಟದ ಹಾಗೆ ಕೈಯಾಡಿಸುತ್ತಿರಬೇಕು.
ಗಂಟನ್ನು ಆಮೇಲೆ ನಾನೇ ಹಾಕುವುದು:
ಎಣ್ಣೆ ಕಡಿಮೆ, ಉಪ್ಪುನೀರು ಜಾಸ್ತಿ, ಕಡಲೇಕಾಯಿ ಬೀಜದಷ್ಟು,
ಬಟ್ಟಲಲ್ಲಿ ನಡುಗುವ ಸುಳ್ಳು ಮೊಲೆಯೊಳಗೆ.
ಎಲ್ಲಿ ಹೂತೆನೆಂದು ಯಂತ್ರಕ್ಕೂ ಹೇಳುವುದಿಲ್ಲ,
ಎನಿಫಾ ಮೇಡಂಗೂ.

ಜೋಂಬಾ ಆಸ್ಪತ್ರೆಯ ಹಿಂದೆ, ಹಳೆಯ ಲಾಂಡ್ರಿ ಕೋಣೆ.
ಬಟ್ಟೆ ನೆನೆಸುವ ಪ್ಲಾಸ್ಟಿಕ್ ಬೋಗುಣಿಯ ಸುತ್ತ
ನಾನು ಬೆಸೆದ ಹದಿನಾರು ಆಂಟೆನಾ,
ಬೋರ್‌ವೆಲ್ ಕಟ್ಟೆಗೆ ಬಂದ ಹೆಂಗಸರ ಹಾಗೆ:
ಒಬ್ಬಳು ಪಿಸುಗುಟ್ಟಿದರೆ ಉಳಿದ ಹದಿನೈದೂ ಕಿವಿ.
ಕೊಬ್ಬು ಅಲೆಗೆ ದಾರಿ ಬಿಡುತ್ತದೆ, ನೀರು ಅಡ್ಡ ನಿಲ್ಲುತ್ತದೆ.
ಇಷ್ಟು ನನಗೆ ಗೊತ್ತು. ಉಳಿದದ್ದು
ಮೇಡಂ ಲ್ಯಾಪ್‌ಟಾಪಿನ ಲೆಕ್ಕ. ನಾನು ರೇಡಿಯೊ ರಿಪೇರಿಯವನು.

ಮೇಜಿಗೆ ತೂತು ಕೊರೆದವನು ವೈಸನ್,
ರಸ್ತೆ ಬದಿಯ ಶವಪೆಟ್ಟಿಗೆ ಬಡಗಿ.
"ಮಲಗುವವರ ಮುಖ ಮೇಲಕ್ಕೋ ಕೆಳಕ್ಕೋ?" ಅಂದ.
ಕೆಳಕ್ಕೆ ಎಂದೆವು.
ಅರ್ಧ ದುಡ್ಡು ಬಿಟ್ಟುಕೊಟ್ಟ.

ಒಮ್ಮೆ ಒಂದು ಹೂತರೆ ಎರಡು ಕಂಡವು.
ರಾತ್ರಿಯೆಲ್ಲ ತಲೆ ಚಚ್ಚಿಕೊಂಡು, ಬಟ್ಟಲು ಕೊಯ್ದು ನೋಡಿದರೆ
ಗಾಳಿಯ ಗುಳ್ಳೆ.

ಮೊದಲು ಮಲಗಲು ಒಪ್ಪಿದವಳು
ಗೇಟಿನ ಹತ್ತಿರ ಮಂಡಾಸಿ ಕರಿಯುವ ನಸೀಬೆಕೊ.
"ಹೋಟೆಲಿನವರು ಹಳಸಲು ಕೋಳಿ ಬಿಸಿ ಮಾಡುವ ಯಂತ್ರ ತಾನೆ?
ನನ್ನ ಬೇಯಿಸುತ್ತೀಯೇನೋ, ತಾವೊನಾ?"
"ಮಾಯೀ, ನಿನ್ನ ಕುಪ್ಪಸದೊಳಗಿನ ಫೋನಿನ ಕಾವಿನ ಮುಂದೆ
ಇದು ಏನೇನೂ ಅಲ್ಲ."
ನಗುತ್ತಾ ಫೋನು ತೆಗೆದು ನನ್ನ ಕೈಗಿಟ್ಟಳು.
ಬೆಚ್ಚಗಿತ್ತು.

ಪರದೆಯ ಈಚೆ ನಾನು, ನನ್ನೆದುರು ಬೆಣ್ಣೆ ಬಣ್ಣದ ದುಂಡು.
ಎಡದ್ದರಲ್ಲಿ, ಗಡಿಯಾರದ ನಾಲ್ಕರ ಜಾಗದಲ್ಲಿ, ಕೆಂಪು.
ಗುಳ್ಳೆ ಇರಬೇಕು ಎಂದೆ.
ಮತ್ತೆ ತೆಗೆದೆವು. ಅಲ್ಲೇ.
ದ್ರವ ಬದಲಾಯಿಸಿದೆವು, ತಂತಿ ಅಲುಗಾಡಿಸಿದೆವು.
ಅಲ್ಲೇ.

ಇದು ಯಾರಪ್ಪನ ಗಂಟು?
ಇದನ್ನು ನಾನು ಇಟ್ಟಿಲ್ಲ.
ಇಷ್ಟು ದಿನ ಅನುಮಾನ ಬಂದರೆ ಬಟ್ಟಲು ಕೊಯ್ಯುತ್ತಿದ್ದೆ.

ಇಲ್ಲೇನೋ ನೀರು ಅಡ್ಡ ನಿಂತಿದೆ,
ಯಾಕೆಂದು ಚಿತ್ರಕ್ಕೆ ಗೊತ್ತಿಲ್ಲ, ಎಂದರು ಮೇಡಂ.
ಅದಕ್ಕೆ ಬ್ಲಾಂಟೈರಿಗೆ ಹೋಗಬೇಕು, ಸೂಜಿಯ ಹತ್ತಿರ.
ಹಳೆ ಬೈಕಿನ ಬೆಲೆಗೆ ಇಂಥ ಯಂತ್ರವೇ ಎಂದು
ಬಂದವರೆಲ್ಲ ನಮ್ಮ ಬೆನ್ನು ತಟ್ಟಿದ್ದಾರೆ.
ಮಿನಿಬಸ್ಸಿನ ಲೆಕ್ಕ ಹಾಕಿದ್ದು ಅವಳೊಬ್ಬಳೇ, ಬೆರಳು ಮಡಿಸಿ:
ಹೋಗಲು ಎರಡು ಬಾಣಲೆ, ಬರಲು ಎರಡು.
"ಬರೋದಂತೂ ಬರ್ತೀನಲ್ಲ," ಅಂದಳು.

ಫೋನು ಈಸಿಕೊಂಡಳು.
ಅಭ್ಯಾಸದ ಕೈ ಎಡಕ್ಕೆ ಹೋಯಿತು, ತಡೆಯಿತು,
ಬಲಕ್ಕೆ ಸಿಕ್ಕಿಸಿತು.
"ನೀನು ಹೂತಿಟ್ಟದ್ದನ್ನ ಚಮಚದಲ್ಲಿ ತೆಗೀತೀಯಂತೆ, ಹೌದಾ?"
ಹೌದು ಎಂದೆ.

ತಾವೊನಾ ಅಂದರೆ ನಮ್ಮ ಮಾತಲ್ಲಿ 'ನೋಡಿದೆವು' ಎಂದು.
ಫ್ರಿಜ್ಜಿನಲ್ಲಿ ಅವತ್ತಿನ ಬಟ್ಟಲು ಹಾಗೇ ಇತ್ತು.
ಅದರಲ್ಲಿ ಎಲ್ಲಿದೆಯೆಂದು
ನನಗೆ ಗೊತ್ತಿತ್ತು.