ಹತ್ತು ನಿಮಿಷದ ದಿನ

ಶಿಡ್ಲಘಟ್ಟದಲ್ಲಿ ನನ್ನ ಆಫೀಸಿನ ಕೆಳಗೆ
ರೇಷ್ಮೆ ಹುರಿ ಮಾಡುವ ಮಿಷನ್ನು. ನೆಲ ಸದಾ ನಡುಗುತ್ತೆ.
ಕ್ಯಾಲ್ಕುಲೇಟರು ತಾನಾಗಿ ಮೇಜಿನ ಅಂಚಿಗೆ ಸರಿಯುತ್ತೆ,
ದಿನಕ್ಕೆ ಮೂರು ಸಲ ಎಳೆದು ಇಟ್ಟುಕೊಳ್ಳುತ್ತೇನೆ.

ಜುಲೈ ಕೊನೆ ವಾರ. ನಸ್ರೀನಾ ಬಂದಳು,
ಸೊಂಟದ ಮೇಲೆ ಮಗು, ಬಗಲಲ್ಲಿ ಜೆರಾಕ್ಸ್ ಕಟ್ಟು:
ಅಕ್ಕನ ಕುವೈತ್ ಕಾರ್ಡಿನ ಒಂದು ವರ್ಷದ ಲೆಕ್ಕ.
ಅಕ್ಕ ತಹಸೀನ್ ಫೋನಿನ ಸ್ಪೀಕರಿನಲ್ಲಿ,
ಲ್ಯಾಬಿನ ಡ್ಯೂಟಿ ಮುಗಿಸಿ, ಬಸ್ಸಿನ ಸದ್ದಿನ ನಡುವೆ.
"ಮೇಡಂ, ಉಜ್ಜಿದ್ದಕ್ಕೆಲ್ಲ ಟ್ಯಾಕ್ಸ್ ಬೀಳುತ್ತಾ?"

ಇಲ್ಲಮ್ಮ. ಖರ್ಚು ಆದಾಯವಲ್ಲ, ಸಾಲವೂ ಆದಾಯವಲ್ಲ.
ಆ ಬಿಲ್ಲು ಕಟ್ಟಿದ ಸಂಬಳ ಎಲ್ಲಿ ದುಡಿದದ್ದು,
ದುಡಿದವಳು ಆ ವರ್ಷ ಎಲ್ಲಿಯವಳು,
ಕೇಳೋದು ಅಷ್ಟೇ.

ಓದುತ್ತಾ ಹೋದೆ. ದಿನಾರಿಗೆ ಚುಕ್ಕಿಯ ಆಚೆ ಮೂರು ಅಂಕಿ,
ನನ್ನ ಕಾಲಮ್ಮು ಎರಡಕ್ಕೇ ನಿಲ್ಲುತ್ತದೆ.
ಸಾಲ್ಮಿಯಾ, ರೊಟ್ಟಿ, ಸೊನ್ನೆ ಚುಕ್ಕಿ ಒಂದು ಐದು ಸೊನ್ನೆ.
ಮತ್ತೆ ರೊಟ್ಟಿ. ಮತ್ತೆ. ತಿಂಗಳಿಗೊಂದು ಶಾಂಪೂ.
ಸೆಪ್ಟೆಂಬರ್ ಇಪ್ಪತ್ತೆಂಟು: ವಿಮಾನದ ಟಿಕೆಟ್ಟು, ಬರುವುದಕ್ಕೆ ಮಾತ್ರ.
ಆಮೇಲೆ ಕೋಲಾರ, ಮಕ್ಕಳ ಆಸ್ಪತ್ರೆ.
ಕೋಲಾರ. ಕೋಲಾರ. ಕೋಲಾರ.
ಪ್ರತಿ ಸಾಲಿನ ಕೆಳಗೆ ಸಣ್ಣಕ್ಷರದಲ್ಲಿ
ದುಡ್ಡು ಬದಲಿಸಿದ ಕೂಲಿ.

"ಇವನಿಗೇ" ನಸ್ರೀನಾ ಮಗುವನ್ನು ಮೇಲೆ ಜಗ್ಗಿಕೊಂಡಳು.
"ಒಂದು ಕೆಜಿ ನೂರು ಗ್ರಾಂ ಇದ್ದ, ಗಾಜಿನ ಪೆಟ್ಟಿಗೆಯಲ್ಲಿ.
ನಮ್ಮ ಯಜಮಾನರು ದಿನಾ ಗೂಡು ತೂಗೋರು,
ಅವರೇ ಆ ತೂಕ ಕೇಳಿ ಕುಸಿದು ಕೂತರು."

ಪಾಸ್‌ಪೋರ್ಟಿನ ಮುದ್ರೆ ನೋಡಿ ಬೆರಳಿನ ಗೆಣ್ಣು ಎಣಿಸಿದೆ.
ಬಂದದ್ದು ಸೆಪ್ಟೆಂಬರ್ ಇಪ್ಪತ್ತೊಂಬತ್ತು,
ಹೋದದ್ದು ಮಾರ್ಚ್ ಇಪ್ಪತ್ತೊಂಬತ್ತು.
"ಆರು ತಿಂಗಳು ದಾಟಿದ್ರೆ ಇಲ್ಲಿ ಇಕಾಮಾ ಸಾಯುತ್ತಿತ್ತು ಮೇಡಂ."
ಬಂದ ದಿನವೂ ದಿನ, ಹೋದ ದಿನವೂ ದಿನ.
ನೂರ ಎಂಬತ್ತೆರಡು.
ಒಂದು ಕಡಿಮೆಯಿದ್ದರೆ ಹೊರಗಿನವಳು.

"ಎಷ್ಟು ಹೊತ್ತಿಗೆ ಮುದ್ರೆ ಒತ್ತಿದ್ರು?"
"ರಾತ್ರಿ ಹನ್ನೊಂದು ಐವತ್ತಕ್ಕೆ.
ಹಿಂದೆ ಒಬ್ಬರು ಅಜ್ಜ ಇದ್ರು, ನೀವು ಮುಂದೆ ಹೋಗಿ ಅಂದೆ,
ಬೇಡಮ್ಮ, ನೀನು ಅವಸರದಲ್ಲಿದ್ದೀಯ ಅಂದ್ರು."

ಹೆದರಬೇಡ ಎಂದೆ, ಇನ್ನೊಂದು ಖಾನೆ ಇದೆ.
ಹಿಂದಿನ ಏಳು ವರ್ಷದ ಈದ್ ರಜೆಗಳನ್ನೆಲ್ಲ ಕೂಡಿದೆ,
ಒಂದು ಮದುವೆಯ ಹದಿನೆಂಟು ದಿನ ಸೇರಿಸಿ:
ಇನ್ನೂರ ಮೂವತ್ತೊಂದು.
ಏಳುನೂರ ಇಪ್ಪತ್ತೊಂಬತ್ತರ ಗೆರೆ ಬಲು ದೂರ.
ಅಲ್ಲಿಯ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ.
ಅಂಥವರಿಗೆ ಕಾಯಿದೆಯಲ್ಲೊಂದು ಹೆಸರಿದೆ, ಓದಿ ಹೇಳಿದೆ:
ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ.

ಸ್ವಲ್ಪ ಹೊತ್ತು ಬಸ್ಸಿನ ಸದ್ದು ಮಾತ್ರ.
"ಸಾಮಾನ್ಯ ಅಲ್ಲ ಅಂದ್ರೆ, ಮೇಡಂ?"

ಹುಟ್ಟಿದ ಬೀದಿ ಬಿಟ್ಟು ಒಂದು ವಾರ ಹೊರಗಿರದ ನಾನು
ಏನೋ ಹೇಳಲು ಬಾಯಿ ತೆರೆದೆ.
ಕ್ಯಾಲ್ಕುಲೇಟರು ಮತ್ತೆ ಅಂಚಿಗೆ ಬಂದಿತ್ತು,
ಮಗು ಕೈ ಚಾಚಿ ಹಿಡಿಯಿತು, ಬಿಡಲೇ ಇಲ್ಲ.

ಫೀಸು ಎಂಟುನೂರು ಎಂದೆ.
ಗೂಡಿನ ಮಾರುಕಟ್ಟೆಯ ಮನೆಯವಳು,
ಐನೂರೈವತ್ತಕ್ಕೆ ಇಳಿಸಿ ಎದ್ದಳು.