ಗುರುವಾರದ ನೆಲಮಾಳಿಗೆ

ಗುರುವಾರ ಬಂತೆಂದರೆ ಮೇರಿಲ್ಯಾಂಡಿನ ಈ ದಾಖಲೆಕೋಣೆಗೆ
ಇಬ್ಬರು ಮುದುಕರು ಇಳಿದುಬರುತ್ತಾರೆ,
ಕೆಮ್ಮುತ್ತ, ಮೆಟ್ಟಿಲುಗಳನ್ನು ಬೈಯುತ್ತ.

ಥರ್ಲೋ ಹೇಳುತ್ತಾನೆ: ಅಧ್ಯಕ್ಷನಲ್ಲ ಅವನು, ದೊರೆ.
ನಮ್ಮ ಶಾಸಕರನ್ನು ಕೋಟೆಯೊಳಕ್ಕೆ ತಳ್ಳಿದ;
ವಾರಂಟಿಲ್ಲ, ವಿಚಾರಣೆಯಿಲ್ಲ.
ರಾಜ್ಯವೆಂದರೆ ಅವನ ಜೇಬಿನ ಕರವಸ್ತ್ರವೇ?

ಎಫ್ರೈಮ್ ಬಿಡುವವನಲ್ಲ:
ರೈಲುಸೇತುವೆ ಸುಟ್ಟವರನ್ನು
ಕಾಫಿಗೆ ಕರೆಯಬೇಕಿತ್ತೇನಯ್ಯ?

ನಾನು ವರ್ಲೀನ್, ಇಲ್ಲಿಯ ಗುಮಾಸ್ತೆ.
ಪೆನ್ನು ಕಸಿದುಕೊಂಡು ಪೆನ್ಸಿಲ್ ಕೊಡುವುದು,
ಕೇಳಿದ ಪುಸ್ತಕ ತಂದಿಡುವುದು, ಇಷ್ಟೇ ನನ್ನ ಕೆಲಸ.
ಇವತ್ತು ಕೇಳದ ಒಂದನ್ನು ತಂದಿಟ್ಟೆ.

ಆಸ್ತಿ ತೆರಿಗೆ, ಸಾವಿರದ ಎಂಟುನೂರ ಅರವತ್ತೆರಡು.
ಗೋಡೆ ಗಡಿಯಾರ, ಒಂದು.
ಹೇಸರಗತ್ತೆ, ಎರಡು; ಒಂದಕ್ಕೆ ಕಣ್ಣಿಲ್ಲ.
ಡಾರ್ಕಸ್, ಹೆಣ್ಣು, ಹತ್ತೊಂಬತ್ತು.

ನನ್ನಜ್ಜಿಯ ಅಜ್ಜಿ.

ಮರುವರ್ಷ ಬಿಡುಗಡೆಯ ಘೋಷಣೆ ಹೊರಟಿತು,
ದಂಗೆಯೇಳದ ನಮ್ಮ ರಾಜ್ಯದ ಹೊಸ್ತಿಲು ದಾಟಲಿಲ್ಲ.
ಅದರ ಮರುವರ್ಷ ರಾಜ್ಯವೇ ಮತ ಹಾಕಿತು.
ಮುನ್ನೂರ ಎಪ್ಪತ್ತೈದರ ಅಂತರದಲ್ಲಿ ಅವಳು ಮನುಷ್ಯಳಾದಳು,
ಅದೂ ಶಿಬಿರಗಳಿಂದ ಸಿಪಾಯಿಗಳ ಚೀಟಿ ಬಂದಮೇಲೆ.

ಇಷ್ಟು ಹೇಳಿದ್ದೇ ತಪ್ಪಾಯಿತು.
ನೋಡು, ರಾಜ್ಯ! ಎಂದ ಥರ್ಲೋ.
ಸಿಪಾಯಿಗಳು ಯಾರವರು? ಎಂದ ಎಫ್ರೈಮ್.
ಡಾರ್ಕಸಳ ಹೆಸರಿನ ಮೇಲೆ
ಇಬ್ಬರ ಮೊಣಕೈಗಳು.

ಕೈ ತೆಗೆಯಿರಿ, ಎಂದೆ. ಕಾಗದ ಹಳೆಯದು.

ತೆಗೆದರು.
ಪೈಪಿನೊಳಗೆ ನೀರು ಹರಿಯುವ ಸದ್ದು.
ಬಹಳ ಹೊತ್ತಾದ ಮೇಲೆ ಎಫ್ರೈಮ್
ಕನ್ನಡಕ ಒರೆಸಿಕೊಂಡು ಕೇಳಿದ:
ಗಡಿಯಾರಕ್ಕೆ ಎಷ್ಟು ಬರೆದಿದ್ದಾರೆ?